ಬಿಸಿಲಿಗೆ ಎಂಜಿನ್ ಟಕಟಕ ಅಂತಿದೆ, ಗೇರ್ ಗಟ್ಟಿ ಆಗ್ತಿದೆ, ದಪ್ಪ ಆಯಿಲ್ ಹಾಕ್ಸೋದಾ?

ಒಂಟಿಸವಾರ:

ಎಲ್ರಿಗೂ ನಮಸ್ಕಾರ. ನಂದು 150 ಸಿಸಿ ಏರ್ ಕೂಲ್ಡ್ ಬೈಕು, ತಗೊಂಡು ನಾಲ್ಕು ವರ್ಷ ಆಯ್ತು, 38 ಸಾವಿರ ಕಿಲೋಮೀಟರ್ ಓಡಿದೆ, ಇಲ್ಲಿವರೆಗೂ ದೊಡ್ಡ ರಿಪೇರಿ ಅಂತ ಏನೂ ಬಂದಿಲ್ಲ. ಈಗ ಬಿಸಿಲು ಏರಿದಾಗಿಂದ ಒಂದು ತಲೆನೋವು ಶುರುವಾಗಿದೆ. ಬೆಳಗ್ಗೆ ಹೊತ್ತು ಗಾಡಿ ಸರಿಯಾಗೇ ಇರುತ್ತೆ, ಗೇರು ನಯವಾಗಿ ಬೀಳುತ್ತೆ. ಮಧ್ಯಾಹ್ನ 40 ಡಿಗ್ರಿ ಬಿಸಿಲಲ್ಲಿ ಟ್ರಾಫಿಕ್ ಒಳಗೆ ಅರ್ಧ ಮುಕ್ಕಾಲು ಗಂಟೆ ನಿಂತು ನಿಂತು ಹೋದ್ರೆ ಮಾತ್ರ ಬೇರೆ ಗಾಡಿನೇ ಆಗ್ಬಿಡುತ್ತೆ. ಮೊದ್ಲು ನ್ಯೂಟ್ರಲ್ ಸಿಗಲ್ಲ, ಫಸ್ಟಿಂದ ಸೀದಾ ಸೆಕೆಂಡಿಗೆ ಹಾರುತ್ತೆ, ಸೆಕೆಂಡಿಂದ ಮತ್ತೆ ಫಸ್ಟಿಗೆ ಬೀಳುತ್ತೆ. ಆಮೇಲೆ ಸಿಗ್ನಲಲ್ಲಿ ಐಡಲ್ ನಿಂತಾಗ ಹೆಡ್ (ಎಂಜಿನ್ ಮೇಲ್ಭಾಗ) ಕಡೆಯಿಂದ ಟಕ ಟಕ ಟಕ ಅಂತ ಸಣ್ಣ ಸೌಂಡು, ಆಕ್ಸಿಲರೇಟರ್ ಕೊಟ್ರೆ ಕಮ್ಮಿ ಆಗುತ್ತೆ, ಬಿಟ್ರೆ ಮತ್ತೆ ಬರುತ್ತೆ. ಎಂಜಿನ್ ಬಿಸಿ ಪ್ಯಾಂಟ್ ದಾಟಿ ಮೊಣಕಾಲಿಗೆ ಹೊಡೆಯುತ್ತೆ.

ಮ್ಯಾನುಯಲಲ್ಲಿ ಆಯಿಲ್ ಗ್ರೇಡ್ 10ಡಬ್ಲ್ಯೂ-30 ಅಂತ ಇದೆ, ಅದನ್ನೇ ಹಾಕಿಸ್ತಾ ಬಂದಿದೀನಿ. ಆಯಿಲ್ ಚೇಂಜ್ ಆಗಿ 4,500 ಕಿಲೋಮೀಟರ್ ಆಯ್ತು, ನನ್ನ ಗಾಡಿಗೆ 6,000ಕ್ಕೆ ಒಂದ್ಸಲ. ಮೆಕ್ಯಾನಿಕ್ ಹತ್ರ ಹೇಳಿದ್ರೆ "ಬಿಸಿಲಿಗೆ ಈ ಆಯಿಲ್ ನೀರಾಗಿ ಹೋಗುತ್ತೆ, 20ಡಬ್ಲ್ಯೂ-50 ಹಾಕ್ಬಿಡಿ, ಸೌಂಡ್ ನಿಂತೋಗುತ್ತೆ" ಅಂದ್ರು. ಫ್ರೆಂಡ್ ಒಬ್ಬ ನಮ್ಮ ಕಾರಿಗೆ ತಂದ ಫುಲ್ ಸಿಂಥೆಟಿಕ್ ಉಳಿದಿದೆ ಅದನ್ನೇ ಹಾಕು ಅದು ಇನ್ನೂ ಒಳ್ಳೇದು ಅಂತಾನೆ. ಇನ್ನೊಬ್ರು ಆಯಿಲಿಗೆ ಬೆರೆಸೋ ಅಡಿಟಿವ್ ಬಾಟಲ್ ಒಂದು ತೋರಿಸಿದ್ರು. ಮೂರು ಜನ ಮೂರು ಥರ ಹೇಳಿದ್ರೆ ಯಾರ ಮಾತು ಕೇಳೋದು ಗೊತ್ತಾಗ್ತಿಲ್ಲ.

ಲೆವೆಲ್ ನಾನೇ ನೋಡಿದೀನಿ, ಮೇನ್ ಸ್ಟ್ಯಾಂಡ್ ಹಾಕಿ ಡಿಪ್‌ಸ್ಟಿಕ್ (ಆಯಿಲ್ ಅಳೆಯೋ ಕಡ್ಡಿ) ಒರೆಸಿ ಪೂರ್ತಿ ತಿರುಗಿಸಿ ಟೈಟ್ ಮಾಡಿ ತೆಗೆದು ನೋಡಿದ್ರೆ ಕೆಳಗಿನ ಗೆರೆಗಿಂತ ಕೂದಲೆಳೆ ಮೇಲಿತ್ತು, ಸೋ ಆಯಿಲ್ ಇದೆ ಅಂತ ಬಿಟ್ಟೆ. ಲೀಕ್ ಎಲ್ಲೂ ಇಲ್ಲ, ಹೊಗೆನೂ ಇಲ್ಲ. ಅನುಭವ ಇರೋರು ದಯವಿಟ್ಟು ಹೇಳಿ, ಈ ಗಾಡಿ ಇನ್ನೂ ಬಹಳ ವರ್ಷ ಇಟ್ಕೋಬೇಕು ಅಂತಿದೀನಿ.

ಗ್ರೀಸ್‌ಕೈ:

ಸರ್, ಗ್ರೇಡ್ ಬದಲಾಯಿಸೋ ಮಾತು ಆಮೇಲೆ. ನಿಮ್ಮ ಪೋಸ್ಟಲ್ಲಿ ನನಗೆ ಭಯ ಆಗಿದ್ದು ಒಂದೇ ಜಾಗ, "ಪೂರ್ತಿ ತಿರುಗಿಸಿ ಟೈಟ್ ಮಾಡಿ" ಅಂದ್ರಲ್ಲ ಅದು. ಬಹಳಷ್ಟು ಗಾಡಿಗಳಲ್ಲಿ ಡಿಪ್‌ಸ್ಟಿಕ್ಕನ್ನ ತಿರುಗಿಸಬಾರದು, ಒರೆಸಿ ಥ್ರೆಡ್ ಮೇಲೆ ಸುಮ್ನೆ ಕೂರಿಸಿ ತೆಗೆದು ನೋಡ್ಬೇಕು. ತಿರುಗಿಸಿದ್ರೆ ಕಡ್ಡಿ ಥ್ರೆಡ್ ಉದ್ದದಷ್ಟು ಇನ್ನೂ ಕೆಳಗೆ ಇಳಿಯುತ್ತೆ, ಆಯಿಲ್ ಕಮ್ಮಿ ಇದ್ರೂ ತುದಿಗೆ ಅಂಟ್ಕೊಳುತ್ತೆ, ನೀವು ಸರಿ ಇದೆ ಅನ್ಕೋತೀರಿ. ಕೆಲವು ಮಾಡೆಲಲ್ಲಿ ಪೂರ್ತಿ ತಿರುಗಿಸೇ ನೋಡ್ಬೇಕು ಅಂತಾನೂ ಇದೆ, ಅದಕ್ಕೆ ಮ್ಯಾನುಯಲ್ ತೆಗೆದು ಆ ಒಂದು ಪುಟ ಈಗಲೇ ಓದಿ. ನಿಮ್ಮದು ತಿರುಗಿಸಬಾರದ ಥರದ್ದಾಗಿದ್ರೆ, ಟೈಟ್ ಮಾಡಿದಾಗಲೇ ಕೆಳಗಿನ ಗೆರೆ ಹತ್ರ ಇತ್ತು ಅಂದ್ರೆ, ನಿಜವಾದ ಲೆವೆಲ್ ಕೆಳಗಿನ ಗೆರೆಗಿಂತ ಬಹಳ ಕೆಳಗಿದೆ.

ನೋಡೋ ರೀತಿ ಹೀಗೆ. ಸಮತಟ್ಟಾದ ಜಾಗ, ಗಾಡಿ ನೆಟ್ಟಗೆ, ಎಂಜಿನ್ ಮೂರ್ನಾಲ್ಕು ನಿಮಿಷ ಐಡಲ್ ಓಡ್ಲಿ, ಆಫ್ ಮಾಡಿ ಎರಡು ಮೂರು ನಿಮಿಷ ಬಿಡಿ, ಮೇಲೆ ಹೋದ ಆಯಿಲ್ ಕೆಳಗೆ ಇಳೀಬೇಕು. ಆಮೇಲೆ ಕಡ್ಡಿ. ಸೈಡ್ ಸ್ಟ್ಯಾಂಡಲ್ಲಿ ನೋಡೋದು ಅಂತೂ ಬೇಡವೇ ಬೇಡ, ಗಾಡಿ ಎಡಕ್ಕೆ ವಾಲಿದ್ರೆ ಆಯಿಲೂ ಎಡಕ್ಕೆ ಹೋಗುತ್ತೆ, ಕಡ್ಡಿ ಬಲಗಡೆ ಇದ್ರೆ ಕಮ್ಮಿ ತೋರಿಸುತ್ತೆ, ಅದನ್ನ ನಂಬಿ ಮೇಲೆ ಸುರಿದ್ರೆ ಓವರ್‌ಫಿಲ್ ಆಗುತ್ತೆ. ಓವರ್‌ಫಿಲ್ ಕೂಡ ಒಳ್ಳೇದಲ್ಲ, ಕ್ರ್ಯಾಂಕು ಆಯಿಲನ್ನ ಕಡೆದು ನೊರೆ ಎಬ್ಬಿಸುತ್ತೆ, ನೊರೆಯಲ್ಲಿ ಗಾಳಿ ಇರುತ್ತೆ, ಗಾಳಿ ಬೇರಿಂಗನ್ನ ಕಾಯಲ್ಲ, ಮಿಕ್ಕಿದ್ದು ಎಂಜಿನ್ ಒಳಗಿನ ಗಾಳಿ ಹೊರಬಿಡೋ ಬ್ರೀದರ್ ಪೈಪಿಂದ ಏರ್ ಫಿಲ್ಟರ್ ಡಬ್ಬಿಗೆ ಬಂದು ಸೇರುತ್ತೆ.

ಬಿಸಿಲಲ್ಲಿ ಲೆವೆಲ್ ಯಾಕೆ ಇಷ್ಟು ಮುಖ್ಯ ಅಂದ್ರೆ, ಏರ್ ಕೂಲ್ಡ್ ಎಂಜಿನಲ್ಲಿ ರೇಡಿಯೇಟರ್ ಇಲ್ಲ, ಕೂಲಂಟ್ ಇಲ್ಲ. ಹೊರಗಡೆ ಫಿನ್‌ಗಳಿಗೆ (ಸಿಲಿಂಡರ್ ಸುತ್ತ ಇರೋ ಲೋಹದ ಪಟ್ಟಿಗಳು) ಗಾಳಿ, ಒಳಗಡೆ ಆಯಿಲ್, ಇಷ್ಟೇ. ಪಿಸ್ಟನ್ ತಳದ ಬಿಸಿ, ಹೆಡ್ಡಲ್ಲಿ ವಾಲ್ವ್ ಒತ್ತೋ ಕ್ಯಾಮ್ ರಾಕರ್ ಬಿಸಿ ಎಲ್ಲಾ ಹೊತ್ಕೊಂಡು ಕೆಳಗೆ ಬಂದು ಸಂಪಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿ) ಸ್ವಲ್ಪ ಹೊತ್ತು ನಿಂತು ಆರಿ ಮತ್ತೆ ಮೇಲೆ ಹೋಗೋದು ಆಯಿಲೇ. ಒಂದು ಲೀಟರ್ ಇರಬೇಕಾದ ಕಡೆ 600 ಮಿಲಿ ಇದ್ರೆ ಅಷ್ಟೇ ಬಿಸಿಯನ್ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಆಯಿಲ್ ಹೊರಬೇಕು, ಸಂಪಲ್ಲಿ ನಿಂತು ಆರೋಕೂ ಟೈಮ್ ಸಿಗಲ್ಲ. ಟ್ರಾಫಿಕಲ್ಲಿ ಗಾಡಿ ನಿಂತಾಗ ಫಿನ್‌ಗಳಿಗೂ ಗಾಳಿ ಇಲ್ಲ. ಮೇಲಾಗಿ ಆಯಿಲ್ ಪಂಪ್ ತಿರುಗೋದು ಎಂಜಿನ್ ಜೊತೆನೇ, ಐಡಲಲ್ಲಿ ಅದು ನಿಧಾನ, ಆಯಿಲ್ ಬಿಸಿಯಾಗಿ ತೆಳ್ಳಗಿದೆ, ಪ್ರೆಶರ್ ಅತಿ ಕಮ್ಮಿ ಇರೋ ಹೊತ್ತು ಅದು. ಆಕ್ಸಿಲರೇಟರ್ ಕೊಟ್ರೆ ನಿಮ್ಮ ಟಕಟಕ ಕಮ್ಮಿ ಆಗೋದು ಇದೇ ಕಾರಣಕ್ಕೆ ಇರಬಹುದು, ಪಂಪ್ ಜೋರಾಗಿ ತಿರುಗಿದ ಕೂಡ್ಲೇ ಹೆಡ್ಡಿಗೆ ಆಯಿಲ್ ತಲುಪುತ್ತೆ. ವಾಲ್ವ್ ಕ್ಲಿಯರೆನ್ಸ್ (ವಾಲ್ವಿಗೂ ಅದನ್ನ ಒತ್ತೋ ರಾಕರಿಗೂ ಮಧ್ಯದ ಸಂದು) ಜಾಸ್ತಿ ಆಗಿದ್ರೂ ಇದೇ ಥರ ಸೌಂಡ್ ಬರುತ್ತೆ, ಅದನ್ನೂ ನೋಡಿಸ್ಬೇಕು, ಆದ್ರೆ ಮೊದ್ಲು ಲೆವೆಲ್. ನೋಡೋವರೆಗೂ ಗಾಡಿ ಓಡಿಸ್ಬೇಡಿ ಅಂತ ಕೇಳ್ಕೋತೀನಿ.

ಉದ್ದದಾರಿ:

ಗ್ರೀಸ್‌ಕೈ ಸರ್ ಹೇಳಿದ್ದು ನೂರಕ್ಕ ನೂರು ಖರೆ ಅದರಿ. ನನಗ ಇದು ಗೊತ್ತಾಗೂದಕ್ಕ ಒಂದು ಹೆಡ್ ಹಾಳಾಗಬೇಕಾತು, ನಿಮಗ ಹಂಗ ಆಗಬಾರದು ಅಂತ ಬರೀತೀನಿ.

ಬ್ಯಾಸಿಗ್ಯಾಗ ಒಂದು ಉದ್ದನ ಟ್ರಿಪ್ ಹೊಂಟಿದ್ದೆ, ದಿನಾ 400, 500 ಕಿಲೋಮೀಟರ್, ಹೈವೇ ಮ್ಯಾಲ ಒಂದ ಸಮ 90ರಾಗ. ಹೊರಡೂ ಮುಂದ ಸರ್ವಿಸ್ ಮಾಡ್ಸಿದ್ದೆ, ಹೊಸಾ ಆಯಿಲ್ ಐತಲ್ಲ ಅಂತ ಧೈರ್ಯ, ಐದು ದಿನ ಕಡ್ಡಿ ತಗದು ನೋಡಲಿಲ್ಲ. ಎರಡು ಸಾವಿರ ಕಿಲೋಮೀಟರ್ ದಾಟಿದ ಮ್ಯಾಲ ಹೆಡ್ ಕಡೆ ಸಪ್ಪಳ ಶುರು ಆತು. ಚೈನ್ ಇರಬೇಕು, ಟ್ಯಾಪೆಟ್ ಇರಬೇಕು ಅಂತ ಇನ್ನೂ ನೂರು ಕಿಲೋಮೀಟರ್ ಹೊಡದೆ. ಆಮ್ಯಾಲ ಡ್ರೈನ್ ಬೋಲ್ಟ್ ಬಿಚ್ಚಿದಾಗ ಲೀಟರ್ ಹಾಕಿದ್ದ ಎಂಜಿನ್ನಿಂದ ಕೆಳಗ ಬಿದ್ದದ್ದು 400 ಮಿಲಿ, ಅದೂ ಡಾಂಬರ್ ಹಂಗ ಕರ್ರಗ. ಹೆಡ್ ಬಿಚ್ಚಿ ಕ್ಯಾಮ್‌ಶಾಫ್ಟ್ ಕೈಯಾಗ ಕೊಟ್ರು, ಲೋಬ್ (ಕ್ಯಾಮಿನ ಉಬ್ಬು) ಮ್ಯಾಲ ಉಗುರು ಆಡಿಸಿದ್ರ ಗೀರು ಉಗುರಿಗೆ ಸಿಗತಿತ್ತು, ಕ್ಯಾಮ್ ಕುಂದರೂ ಅಲ್ಯುಮಿನಿಯಂ ಜಾಗಾನೂ ಕೆರದು ಹೋಗಿತ್ತು. ಕ್ಯಾಮ್ ಅಷ್ಟ ಬದಲ ಮಾಡಿದ್ರ ಸಾಲಂಗಿಲ್ಲ, ಹೆಡ್ಡೇ ಹೋತು.

ನನ್ನ ಗಾಡಿನೂ ಹೊಗಿ ಬಿಡತಿದ್ದಿಲ್ರಿ, ನೆಲದ ಮ್ಯಾಲ ಒಂದು ಹನಿ ಬೀಳತಿದ್ದಿಲ್ಲ. ಆದ್ರೂ ಆಯಿಲ್ ಕಡಿಮಿ ಆಗತೈತಿ. ಭಾಳ ಹೊತ್ತು ಜೋರಾಗಿ ಓಡಿದಾಗ ಬಿಸಿ ಆಯಿಲ್ ಆವಿ ಆಗಿ ಬ್ರೀದರ್ ಹಿಡದು ಹೋಗತೈತಿ, ಪಿಸ್ಟನ್ ರಿಂಗ್ ಸಂದ್ಯಾಗಿಂದ ಚೂರು ಚೂರು ಮ್ಯಾಲ ಹೋಗಿ ಸುಡತೈತಿ, ಅಷ್ಟು ಸಣ್ಣ ಪ್ರಮಾಣ ಕಣ್ಣಿಗೆ ಹೊಗಿ ಅಂತ ಕಾಣಂಗಿಲ್ಲ. ಇನ್ನ ಆಯಿಲ್ ಲೈಟ್ ನಂಬಬ್ಯಾಡ್ರಿ. ಎಷ್ಟೋ ಸಣ್ಣ ಗಾಡಿಗೆ ಆ ಲೈಟೇ ಇಲ್ಲ, ಇದ್ದದ್ದರಾಗೂ ಬಹುತೇಕ ಅದು ಪ್ರೆಶರ್ ಲೈಟು, ಲೆವೆಲ್ ತೋರ್ಸೂ ಲೈಟ್ ಅಲ್ಲ. ಅದು ಹತ್ತೂ ಹೊತ್ತಿಗೆ ಒಳಗ ಲೋಹಕ್ಕ ಲೋಹ ತಿಕ್ಕಾಕ ಶುರು ಆಗಿರತೈತಿ. ಹೆಡ್ಡು ಎಲ್ಲಾಕಿಂತ ಮ್ಯಾಲ ಐತಿ, ಪಂಪಿನಿಂದ ದೂರ ಐತಿ, ಆಯಿಲ್ ಕಡಿಮಿ ಆದ್ರ ಮೊದಲ ಸಾಯೂದು ಅದ.

ಈಗ ನಾನು ಟ್ರಿಪ್ ಹೋದ್ರ ದಿನಾ ಮುಂಜಾನೆ ಗಾಡಿ ತಣ್ಣಗ ಇರತ್ಲೇ ಕಡ್ಡಿ ನೋಡತೀನಿ. ಮ್ಯಾನುಯಲ್ ಪ್ರಕಾರ ಬಿಸಿ ಮಾಡಿ ನೋಡೂದು ಸರಿ, ಆದ್ರ ದಿನಾ ಒಂದ ರೀತಿ ನೋಡಿದ್ರ ನಿನ್ನೆಗೂ ಇವತ್ತಿಗೂ ಎಷ್ಟು ಫರಕ್ ಆತು ಅನ್ನೂದು ಗೊತ್ತಾಗತೈತಿ. ಅದ ಗ್ರೇಡಿನ ಕಾಲು ಲೀಟರ್ ಬಾಟಲಿ ಬ್ಯಾಗಿನ್ಯಾಗ ಇರತೈತಿ.

ಒಂಟಿಸವಾರ:

ಇಬ್ರಿಗೂ ಕೈ ಮುಗೀತೀನಿ. ಮ್ಯಾನುಯಲ್ ತೆಗೆದು ನೋಡ್ದೆ, ಚಿತ್ರನೂ ಇದೆ, ನನ್ನ ಗಾಡಿಗೆ ತಿರುಗಿಸಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ನಾಲ್ಕು ವರ್ಷದಿಂದ ತಪ್ಪಾಗೇ ನೋಡ್ತಿದ್ದೆ. ನೀವು ಹೇಳಿದ ಹಾಗೆ ನೋಡಿದ್ರೆ ಕಡ್ಡಿ ಒಣಗಿಕೊಂಡೇ ಬಂತು, ತುದಿಯಲ್ಲಿ ಒಂದು ಹನಿ ಅಷ್ಟೇ. ಆಗ್ಲೇ ಡ್ರೈನ್ ಮಾಡ್ಬಿಟ್ಟೆ, ಹಳೇ ಬಾಟಲಿಗೆ ಸುರಿದು ಅಳತೆ ನೋಡಿದ್ರೆ 650 ಮಿಲಿ. ಒಂದು ಲೀಟರ್ ಹಾಕಿದ್ದು. 350 ಮಿಲಿ ಎಲ್ಲಿ ಹೋಯ್ತು ಅಂತ ಉದ್ದದಾರಿ ಅವರ ಕಥೆ ಓದಿದ್ಮೇಲೆ ಅರ್ಥ ಆಯ್ತು, ಓದ್ತಾ ಓದ್ತಾ ಹೊಟ್ಟೆಯಲ್ಲಿ ಒಂಥರಾ ಆಯ್ತು. ಡ್ರೈನ್ ಬೋಲ್ಟ್ ಮ್ಯಾಗ್ನೆಟ್ಟಲ್ಲಿ ಬೂದು ಬಣ್ಣದ ಮೆತ್ತನೆ ಪೇಸ್ಟ್ ಇತ್ತು, ಚೂರು ಅಂತ ಏನೂ ಸಿಗಲಿಲ್ಲ, ಅದು ಒಳ್ಳೇ ಲಕ್ಷಣನಾ?

ಈಗ ಹೊಸ ಆಯಿಲ್ ತರಬೇಕು, ಗಾಡಿ ಖಾಲಿ ನಿಂತಿದೆ. 20ಡಬ್ಲ್ಯೂ-50 ಹಾಕ್ಲಾ ಬೇಡ್ವಾ, ಕಾರಿನ ಆಯಿಲ್ ಕಥೆ ಏನು, ಇದೆರಡು ಹೇಳ್ಬಿಡಿ.

ಗ್ರೀಸ್‌ಕೈ:

ಬೂದು ಪೇಸ್ಟ್ ಮಾಮೂಲಿ ಸವೆತ, ಗೇರು ಕ್ಲಚ್ಚಿನ ಸಣ್ಣ ಪುಡಿ, ಚಿಂತೆ ಬೇಡ. ಬೆರಳಲ್ಲಿ ಉಜ್ಜಿದಾಗ ಚುಚ್ಚೋ ಚೂರು, ಹೊಳೆಯೋ ಹಾಳೆ ಥರದ್ದು ಬಂದ್ರೆ ಹೆದರಬೇಕು. ಸರಿಯಾದ ಟೈಮಲ್ಲಿ ನೋಡಿದ್ದೀರಿ, ನನಗೂ ಸಮಾಧಾನ ಆಯ್ತು.

ಈಗ ನಂಬರ್ ವಿಷ್ಯ. 10ಡಬ್ಲ್ಯೂ-30 ಅಂದ್ರೆ ಮೊದಲ ನಂಬರು ಚಳಿಗೆ ಸಂಬಂಧಿಸಿದ್ದು, ಡಬ್ಲ್ಯೂ ಅಂದ್ರೆ ವಿಂಟರ್, ತಣ್ಣಗಿದ್ದಾಗ ಆಯಿಲ್ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನೋ ಲೆಕ್ಕ. ಎರಡನೇ ನಂಬರು ಬಿಸಿ ಎಂಜಿನಿಗೆ, 100 ಡಿಗ್ರಿಯಲ್ಲಿ ಅಳೆದ ದಪ್ಪ. ಆಯಿಲ್ ಗ್ರೇಡ್ ಗೊತ್ತು ಮಾಡೋ ಎಸ್‌ಎಇ ಲೆಕ್ಕದಲ್ಲಿ 100 ಡಿಗ್ರಿಗೆ 30 ಗ್ರೇಡ್ ಅಂದ್ರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ದಪ್ಪ ಅಳೆಯೋ ಮಾನ) ಒಳಗೆ, 40 ಅಂದ್ರೆ 12.5ರಿಂದ 16.3 ಒಳಗೆ, 50 ಅಂದ್ರೆ 16.3ರಿಂದ 21.9 ಒಳಗೆ ಇರಬೇಕು. ಮಾಮೂಲಿ ನೀರು ಸುಮಾರು 1 ಅಂತ ಇಟ್ಕೊಳಿ. ಅಂದ್ರೆ ನಿಮ್ಮ ಮೆಕ್ಯಾನಿಕ್ ನೀರಾಗುತ್ತೆ ಅಂದ 30 ಗ್ರೇಡ್ ಕೂಡ 100 ಡಿಗ್ರಿಯಲ್ಲಿ ಮಾಮೂಲಿ ನೀರಿಗಿಂತ ಸುಮಾರು ಹತ್ತು ಪಟ್ಟು ದಪ್ಪ ಇರುತ್ತೆ, ಎಂಜಿನ್ ಡಿಸೈನ್ ಮಾಡಿದವರು ಆ ದಪ್ಪಕ್ಕೇ ಬೇರಿಂಗ್ ಸಂದು, ಪಂಪ್ ಗಾತ್ರ, ಆಯಿಲ್ ಹೋಗೋ ಸಣ್ಣ ತೂತು ಎಲ್ಲಾ ಇಟ್ಟಿರ್ತಾರೆ.

ಬಹಳ ಜನ 10ರ ಬದಲು 20 ಇದ್ರೆ ಬಿಸಿಲಿಗೆ ಗಟ್ಟಿ ಅನ್ಕೋತಾರೆ, ಆ ನಂಬರಿಗೂ ಬಿಸಿಲಿಗೂ ಸಂಬಂಧ ಇಲ್ಲ. ಇನ್ನು 30ರಿಂದ 50ಕ್ಕೆ ಹಾರಿದ್ರೆ ಸೌಂಡ್ ಕಮ್ಮಿ ಆಗೋದು ನಿಜ, ದಪ್ಪ ಆಯಿಲ್ ಸದ್ದನ್ನ ಮುಚ್ಚುತ್ತೆ. ಆದ್ರೆ ಸಂದು ಸಣ್ಣದಿರೋ ಎಂಜಿನಲ್ಲಿ ದಪ್ಪ ಆಯಿಲ್ ನಿಧಾನಕ್ಕೆ ಹರಿಯುತ್ತೆ, ಹರಿವು ಕಮ್ಮಿ ಆದ್ರೆ ಬಿಸಿ ಹೊತ್ಕೊಂಡು ಹೋಗೋದೂ ಕಮ್ಮಿ, ಜೊತೆಗೆ ಆಯಿಲ್ ಒಳಗೇ ತಿಕ್ಕಾಟ ಜಾಸ್ತಿ ಆಗಿ ಅದೇ ಒಂದಷ್ಟು ಬಿಸಿ ಹುಟ್ಟಿಸುತ್ತೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಹೆಡ್ಡಿಗೆ ತಲುಪೋದು ತಡ ಆಗುತ್ತೆ. ಸೌಂಡ್ ಮುಚ್ಚಿದ್ರೆ ಕಾಯಿಲೆ ವಾಸಿ ಆಗಿಲ್ಲ, ನಿಮ್ಮ ವಿಷ್ಯದಲ್ಲಿ 20ಡಬ್ಲ್ಯೂ-50 ಹಾಕಿಸಿ ಸೌಂಡ್ ನಿಂತಿದ್ರೆ ಲೆವೆಲ್ ಕಮ್ಮಿ ಇದ್ದಿದ್ದು ನಿಮಗೆ ಗೊತ್ತೇ ಆಗ್ತಿರಲಿಲ್ಲ, ನನಗೆ ಬೇಜಾರಾಗೋದು ಅದಕ್ಕೆ.

ಮ್ಯಾನುಯಲಲ್ಲಿ ಆಯಿಲ್ ಪುಟದ ಹತ್ರ ಹೊರಗಿನ ಉಷ್ಣಾಂಶ ಹಾಕಿ ಕೆಳಗೆ ಗ್ರೇಡ್‌ಗಳ ಉದ್ದುದ್ದ ಪಟ್ಟಿ ಇರೋ ಚಾರ್ಟ್ ಕೆಲವು ಕಂಪನಿಗಳು ಕೊಡ್ತವೆ, ಇದೆಯಾ ನೋಡಿ. ಅದ್ರಲ್ಲಿ ಬಿಸಿ ಹವೆಗೆ 10ಡಬ್ಲ್ಯೂ-40 ಅಂತ ಇದ್ರೆ ಧೈರ್ಯವಾಗಿ ಹಾಕಿ. ಇಲ್ಲಾಂದ್ರೆ 10ಡಬ್ಲ್ಯೂ-30ನೇ ಹಾಕಿ, ಆದ್ರೆ ಬೇಗ ಬದಲಾಯಿಸಿ. ನಿಮ್ಮಂಥ ಬೈಕಲ್ಲಿ ಒಂದೇ ಆಯಿಲ್ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರಕ್ಕೂ. ಗೇರ್ ಹಲ್ಲುಗಳ ಮಧ್ಯೆ ಸಿಕ್ಕಿ ಆಯಿಲಲ್ಲಿರೋ ಪಾಲಿಮರ್ ಎಳೆಗಳು ಕತ್ತರಿಸಿ ಹೋಗ್ತವೆ, ಬಿಸಿಯಲ್ಲೂ ದಪ್ಪ ಉಳಿಸೋದು ಆ ಎಳೆಗಳೇ, ಅವು ತುಂಡಾದ ಹಾಗೆಲ್ಲಾ ಆಯಿಲ್ ತೆಳ್ಳಗಾಗುತ್ತೆ, 40 ಅಂತ ಹಾಕಿದ್ದು ಕೆಲವು ಸಾವಿರ ಕಿಲೋಮೀಟರ್ ಆದ್ಮೇಲೆ 30ರ ಲೆಕ್ಕಕ್ಕೆ ಇಳಿದಿರುತ್ತೆ. ನಿಮ್ಮ ಗೇರ್ ಗಟ್ಟಿ ಆಗೋದಕ್ಕೆ ಈ ಸವೆದ ಆಯಿಲ್ ಒಂದು ದೊಡ್ಡ ಕಾರಣ ಇರಬಹುದು. ಆಕ್ಸಿಡೇಶನ್ ಬೇರೆ ಇದೆ, ಅಂದ್ರೆ ಗಾಳಿ ಸೇರಿ ಆಯಿಲ್ ಕೆಡೋದು, ತಾಪ 10 ಡಿಗ್ರಿ ಏರಿದ್ರೆ ಆ ವೇಗ ಹೆಚ್ಚುಕಮ್ಮಿ ಎರಡು ಪಟ್ಟು ಅನ್ನೋದು ಅಂದಾಜು ಲೆಕ್ಕ. ಬಿಸಿಲಲ್ಲಿ ಟ್ರಾಫಿಕಲ್ಲೇ ಓಡಿಸೋ ಗಾಡಿಗೆ ನಾನಾದ್ರೆ 6,000 ಕಾಯಲ್ಲ, 4,000ಕ್ಕೇ ತೆಗೀತೀನಿ.

ಕಿಕ್‌ಸ್ಟಾರ್ಟ್:

ಗ್ರೀಸ್‌ಕೈ ಸರ್ ಮಾತಿಗೆ ನಂದೊಂದು ತಕರಾರು. ನಾನು 20ಡಬ್ಲ್ಯೂ-50 ಹಾಕಿ 15 ವರ್ಷದಿಂದ ಓಡಿಸ್ತಿದೀನಿ, ಬಿಸಿಲಲ್ಲೂ ಎಂಜಿನ್ ಒಂದ್ಸಲ ಕೈ ಕೊಟ್ಟಿಲ್ಲ. ನಂದು ಹಳೇ ಕಾಲದ 350 ಸಿಸಿ ಸಿಂಗಲ್ ಸಿಲಿಂಡರ್ ಗಾಡಿ, ಕಂಪನಿನೇ ಆ ಗ್ರೇಡ್ ಹೇಳಿರೋದು, ಒಳಗೆ ಸಂದುಗಳೂ ದೊಡ್ಡವು. ಸೋ ದಪ್ಪ ಆಯಿಲ್ ಕೆಟ್ಟದ್ದು ಅಂತ ಯಾರೂ ಅನ್ಕೋಬೇಡಿ, ಈ ಗಾಡಿಗೆ 30 ಹಾಕಿದ್ರೆ ಅದೇ ತಪ್ಪು, ಐಡಲಲ್ಲಿ ಪ್ರೆಶರ್ ನಿಲ್ಲಲ್ಲ. ಗಾಡಿ ಯಾವ್ದು ಅನ್ನೋದರ ಮೇಲೆ ಹೋಗುತ್ತೆ, ಅಷ್ಟು ಸೇರಿಸೋಣ ಅನ್ಸಿತು.

ಇನ್ನು ಟೂ ಸ್ಟ್ರೋಕ್ ಇಟ್ಕೊಂಡಿರೋರು ಇದನ್ನ ಓದಿದ್ರೆ ಅವರಿಗೂ ಒಂದು ಮಾತು. ಬಿಸಿಲಲ್ಲಿ ಪ್ಲಗ್ ಕಪ್ಪಾಗುತ್ತೆ ಅಂತ ಪೆಟ್ರೋಲಿಗೆ ಹಾಕೋ ಆಯಿಲ್ ಕಮ್ಮಿ ಮಾಡ್ತಾರೆ, ದಯವಿಟ್ಟು ಬೇಡ. 1:50 ಅಂತ ಇದ್ರೆ ಲೀಟರಿಗೆ 20 ಮಿಲಿ ಹಾಕ್ಲೇಬೇಕು, ಅಲ್ಲಿ ಸಂಪ್ ಇಲ್ಲ, ಕ್ರ್ಯಾಂಕಿಗೂ ಪಿಸ್ಟನ್ನಿಗೂ ಆ 20 ಮಿಲಿನೇ ಗತಿ. ಬಿಸಿಲಲ್ಲಿ ಪಿಸ್ಟನ್ ಹಿಡ್ಕೊಂಡ ಗಾಡಿಗಳನ್ನ ನಾನು ಕಣ್ಣಾರೆ ನೋಡಿದೀನಿ.

ಗ್ರೀಸ್‌ಕೈ:

ಒಪ್ಪಿದೆ ಸರ್, ನಿಮ್ಮ ಗಾಡಿಗೆ ಅದೇ ಸರಿ. ನಾನು ಬರೆದಿದ್ದು 30 ಬರೆದಿರೋ ಎಂಜಿನಿಗೆ 50 ಸುರಿಯೋದರ ಬಗ್ಗೆ.

ಎರಡುಚಕ್ರ:

ಕಾರಿನ ಆಯಿಲ್ ಪ್ರಶ್ನೆಗೆ ನಾನು ಹೇಳ್ತೀನಿ, ಯಾಕಂದ್ರೆ ಆ ತಪ್ಪು ನಾನೇ ಮಾಡಿದ್ದೆ. ಬಹುತೇಕ ಬೈಕಿನ ಕ್ಲಚ್ ಪ್ಲೇಟ್‌ಗಳು ಆಯಿಲಲ್ಲೇ ಮುಳುಗಿರ್ತವೆ, ವೆಟ್ ಕ್ಲಚ್ ಅಂತಾರಲ್ಲ ಅದು. ಕಾರಿನ ಆಯಿಲ್, ಅದ್ರಲ್ಲೂ 0ಡಬ್ಲ್ಯೂ-20, 5ಡಬ್ಲ್ಯೂ-30 ಥರ ಮೈಲೇಜ್ ಉಳಿಸೋ ಆಯಿಲ್‌ಗಳಲ್ಲಿ ಫ್ರಿಕ್ಷನ್ ಮಾಡಿಫೈಯರ್ ಹಾಕಿರ್ತಾರೆ, ತಿಕ್ಕಾಟ ಕಮ್ಮಿ ಮಾಡೋದೇ ಅದರ ಕೆಲಸ. ಕ್ಲಚ್ ಹಿಡಿಯೋದು ತಿಕ್ಕಾಟದಿಂದಲೇ. ನಾನು ಹಾಕಿಸಿ ಒಂದು ವಾರ ಏನೂ ಗೊತ್ತಾಗಲಿಲ್ಲ, ಆಮೇಲೆ ಏರಿನಲ್ಲಿ ಟಾಪ್ ಗೇರಲ್ಲಿ ಆಕ್ಸಿಲರೇಟರ್ ಕೊಟ್ರೆ ಆರ್‌ಪಿಎಂ ಏರುತ್ತೆ ಗಾಡಿ ಏರಲ್ಲ. ಜಾರೋ ಕ್ಲಚ್ ತಾನೂ ಬಿಸಿ ಆಗುತ್ತೆ, ಆ ಬಿಸಿ ಎಲ್ಲಾ ಅದೇ ಆಯಿಲಿಗೆ ಸೇರುತ್ತೆ, ಬಿಸಿಲಲ್ಲಿ ಇದು ಗಾಯದ ಮೇಲೆ ಬರೆ. ಆಯಿಲ್ ತೆಗೆದು ಸರಿಯಾದ್ದು ಹಾಕಿದ್ರೂ ಪ್ಲೇಟ್ ಆಗ್ಲೇ ಗಾಜಿನ ಥರ ನುಣ್ಣಗಾಗಿದ್ವು, ಪೂರ್ತಿ ಸೆಟ್ ಬದಲಾಯಿಸಬೇಕಾಯ್ತು.

ಬಾಟಲ್ ಹಿಂದೆ ಜಾಸೋ (ಜಪಾನಿನ ಆಯಿಲ್ ಗುಣಮಟ್ಟದ ಗುರುತು) ಎಂಎ ಅಥವಾ ಎಂಎ2 ಅಂತ ಇದೆಯಾ ನೋಡಿ, ವೆಟ್ ಕ್ಲಚ್ ಬೈಕಿಗೆ ಅದು ಬೇಕು. ಎಂಬಿ ಅಂತ ಇದ್ರೆ ಬೇಡ, ಅದು ಎಂಜಿನ್ ಆಯಿಲ್ ಕ್ಲಚ್ಚಿಗೆ ತಾಗದ ಸ್ಕೂಟರ್ ಥರದ ಗಾಡಿಗೆ. ಅಡಿಟಿವ್ ಬಾಟಲ್ ಕೂಡ ಇದೇ ಕಾರಣಕ್ಕೆ ಬೇಡ, ಅದರಲ್ಲಿರೋದು ಕ್ಲಚ್ಚನ್ನ ಜಾರಿಸುತ್ತೋ ಇಲ್ವೋ ನಿಮಗೆ ಗೊತ್ತಾಗೋದು ಹಾಕಿದ್ಮೇಲೆನೇ. ಸಿಂಥೆಟಿಕ್ ಬೇಕಂದ್ರೆ ಬೈಕಿನ ಸಿಂಥೆಟಿಕ್ಕೇ ಸಿಗುತ್ತೆ, ಅದೇ ಗ್ರೇಡಲ್ಲಿ. ಮಾಮೂಲಿ ಮಿನರಲ್ ಆಯಿಲ್‌ಗಿಂತ ಬಿಸಿಗೆ ತಡ್ಕೊಳುತ್ತೆ, ಆವಿ ಆಗೋದೂ ಸಾಮಾನ್ಯವಾಗಿ ಕಮ್ಮಿ, ನಿಮ್ಮ ಥರ ಆಯಿಲ್ ಕಮ್ಮಿ ಆಗೋ ಗಾಡಿಗೆ ಅದು ಉಪಯೋಗ. ಬೇರೆ ಆಯಿಲ್ ಸಿಗದ ಜಾಗದಲ್ಲಿ ಟಾಪ್ ಅಪ್ ಮಾಡ್ಬೇಕಾಗಿ ಬಂದ್ರೆ ಬ್ರ್ಯಾಂಡ್ ಬೇರೆ ಆದ್ರೂ ಪರವಾಗಿಲ್ಲ, ಗ್ರೇಡೂ ಜಾಸೋನೂ ಒಂದೇ ಇರಲಿ, ಕಮ್ಮಿ ಆಯಿಲಲ್ಲಿ ಓಡಿಸೋದಕ್ಕಿಂತ ಅದು ಸಾವಿರ ಪಾಲು ವಾಸಿ.

ಆಮೇಲೆ ಯಾರೂ ಹೇಳದ ಎರಡು ವಿಷ್ಯ. ಫಿನ್‌ಗಳ ಮಧ್ಯೆ ಕೆಸರು ಒಣಗಿ ಕೂತಿದ್ರೆ ಗಾಳಿ ತಾಗಲ್ಲ, ಎಂಜಿನ್ ತಣ್ಣಗಾದ್ಮೇಲೆ ಹಳೇ ಟೂತ್ ಬ್ರಷ್ ತಗೊಂಡು ಒಂದೊಂದೇ ಸಂದು ಉಜ್ಜಿ, ನಾನು ತೆಗೆದಾಗ ಎಕ್ಸಾಸ್ಟ್ ಪೈಪ್ ಮೇಲಿನ ಸಂದುಗಳಿಂದ ಹಂಚಿನ ಥರ ಮಣ್ಣು ಕಿತ್ತು ಬಂತು. ಬಿಸಿ ಎಂಜಿನಿಗೆ ತಣ್ಣೀರು ಮಾತ್ರ ಹೊಡೀಬೇಡಿ. ಎರಡನೇದು ಏರ್ ಫಿಲ್ಟರ್. ಬಿಸಿಲು ಕಾಲದಲ್ಲಿ ಧೂಳು ಜಾಸ್ತಿ, ಫಿಲ್ಟರ್ ಹರಿದಿದ್ರೆ ಅಥವಾ ಡಬ್ಬಿ ಮುಚ್ಚಳ ಸರಿ ಕೂತಿಲ್ಲ ಅಂದ್ರೆ ಆ ಧೂಳು ಸಿಲಿಂಡರಿಗೆ ಹೋಗಿ ಆಯಿಲಿಗೆ ಸೇರುತ್ತೆ, ಎಂಥ ಒಳ್ಳೇ ಆಯಿಲ್ ಇದ್ರೂ ಒಳಗಡೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೇ. ರಿಂಗ್ ಸವೆದ್ರೆ ಆಯಿಲ್ ಇನ್ನೂ ಜಾಸ್ತಿ ಸುಡುತ್ತೆ.

ಉದ್ದ ಸಿಗ್ನಲಲ್ಲಿ ಎಂಜಿನ್ ಆಫ್ ಮಾಡಿ, ಅದನ್ನ ಎಲ್ರೂ ಪೆಟ್ರೋಲಿಗೆ ಅಂತ ಮಾಡ್ತಾರೆ, ನಾನು ಆಯಿಲಿಗೆ ಅಂತ ಮಾಡ್ತೀನಿ. ಕ್ಲಚ್ ಅರ್ಧ ಹಿಡ್ಕೊಂಡು ಇಂಚಿಂಚು ಹೋಗೋದು ಕೂಡ ಆಯಿಲನ್ನ ಬೇಯಿಸುತ್ತೆ, ಮುಂದೆ ಸ್ವಲ್ಪ ಜಾಗ ಆಗಲಿ ಅಂತ ಕಾದು ಒಂದೇ ಸಲ ಹೋಗಿ. ಬಿಸಿಯಾದಾಗ ಕ್ಲಚ್ ಕೇಬಲ್ ಫ್ರೀ ಪ್ಲೇನೂ ಬದಲಾಗುತ್ತೆ, ನ್ಯೂಟ್ರಲ್ ಸಿಗದೇ ಇರೋದಕ್ಕೆ ಅದೂ ಕಾರಣ ಇರಬಹುದು, ಲಿವರ್ ತುದಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಆಟ ಇರಬೇಕು, ನಿಮ್ಮ ಮ್ಯಾನುಯಲ್ ಲೆಕ್ಕಕ್ಕೆ ಸೆಟ್ ಮಾಡಿ.

ಒಂಟಿಸವಾರ:

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ತೀನಿ. ನನ್ನ ಮ್ಯಾನುಯಲ್ ಚಾರ್ಟಲ್ಲಿ 10ಡಬ್ಲ್ಯೂ-40 ಇರಲಿಲ್ಲ, ಸೋ 10ಡಬ್ಲ್ಯೂ-30ನೇ, ಜಾಸೋ ಎಂಎ2 ಇರೋ ಬೈಕಿನ ಸಿಂಥೆಟಿಕ್ ಹಾಕ್ದೆ. ಉಳಿದಿದ್ದನ್ನೂ ಇಳಿಸಿ, ಆಯಿಲ್ ಸೋಸೋ ಜಾಲರಿ ತೊಳೆದು, ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಟಾರ್ಕ್ ರೆಂಚ್ ತಗೊಂಡು ಟೈಟ್ ಮಾಡ್ದೆ, ಅಲ್ಯುಮಿನಿಯಂ ಥ್ರೆಡ್ ಅಲ್ವಾ. ಫಿನ್ ಉಜ್ಜಿದೆ. ಕ್ಲಚ್ ಆಟ ಸರಿ ಇರಲಿಲ್ಲ, ಸೆಟ್ ಮಾಡ್ದೆ. ಅದೇ ಬಿಸಿಲು, ಅದೇ ಟ್ರಾಫಿಕ್, ಮುಕ್ಕಾಲು ಗಂಟೆ ಆದ್ರೂ ನ್ಯೂಟ್ರಲ್ ಮೊದಲ ಸಲಕ್ಕೇ ಬೀಳುತ್ತೆ. ಟಕಟಕ ಪೂರ್ತಿ ಹೋಗಿಲ್ಲ, ಬಹಳ ಕಮ್ಮಿ ಆಗಿದೆ. ವಾಲ್ವ್ ನೋಡಿಸಿದೆ, ಗಾಡಿ ರಾತ್ರಿಯೆಲ್ಲಾ ತಣ್ಣಗಿಟ್ಟು ಬೆಳಗ್ಗೆ, ಎಕ್ಸಾಸ್ಟ್ ವಾಲ್ವ್ ಸಂದು ಜಾಸ್ತಿ ಆಗಿತ್ತು, ಸೆಟ್ ಮಾಡಿದ ಮೇಲೆ ಈಗ ಮಾಮೂಲಿ ಸೌಂಡ್.

ಒಂದೇ ಒಂದು ಅನುಮಾನ ಉಳಿದಿದೆ. ಹೊಸ ಆಯಿಲ್ ಹಾಕಿ ಸರಿಯಾಗಿ 500 ಕಿಲೋಮೀಟರಿಗೆ ಲೆವೆಲ್ ನೋಡ್ದೆ, ಮೇಲಿನ ಗೆರೆಯಿಂದ ಚೂರು ಇಳಿದಿತ್ತು. ಸೂಜಿ ಇಲ್ಲದ ಸಿರಿಂಜಲ್ಲಿ ಅಳತೆ ಮಾಡಿ ಹಾಕ್ದೆ, 40 ಮಿಲಿ ಹಿಡೀತು. ಇದು ಜಾಸ್ತಿನಾ?

ಗ್ರೀಸ್‌ಕೈ:

ಸಿರಿಂಜಲ್ಲಿ ಅಳೆದ್ರಲ್ಲ ಸರ್, ಬಹಳ ಖುಷಿ ಆಯ್ತು. ಲೆಕ್ಕ ಹಾಕಿ ನೋಡಿ, 500ಕ್ಕೆ 40 ಅಂದ್ರೆ ಸಾವಿರಕ್ಕೆ 80. ಹಿಂದಿನ ಸಲ 4,500ಕ್ಕೆ 350 ಹೋಗಿತ್ತು, ಅದೂ ಸಾವಿರಕ್ಕೆ 78 ಆಗುತ್ತೆ. ಅಂದ್ರೆ ನಿಮ್ಮ ಎಂಜಿನ್ ಕುಡಿಯೋದು ಅಷ್ಟೇ, ದಿಢೀರ್ ಅಂತ ಏರಿಲ್ಲ, ಇಷ್ಟು ದಿನ ತುಂಬಿಸದೇ ಇದ್ದಿದ್ದೇ ತೊಂದ್ರೆ ಆಗಿತ್ತು. 38 ಸಾವಿರ ಓಡಿದ ಏರ್ ಕೂಲ್ಡ್ ಗಾಡಿಗೆ ಇದಕ್ಕೆ ಎಂಜಿನ್ ಬಿಚ್ಚೋ ಅಗತ್ಯ ಇಲ್ಲ. ಪ್ರತಿ 500ಕ್ಕೆ ನೋಡಿ, ಒಂದು ಚೀಟಿಯಲ್ಲಿ ಬರೆದಿಡಿ. ಈ ಸಂಖ್ಯೆ ಒಂದು ತಿಂಗಳಲ್ಲಿ ಎರಡು ಪಟ್ಟು ಆದ್ರೆ ಆಗ ಹುಡುಕೋಣ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡ್ಲೇ ನೀಲಿ ಹೊಗೆ ಬಂದು ನಿಂತೋದ್ರೆ ವಾಲ್ವ್ ಸೀಲ್ ನೋಡಿಸಿ, ಎಳೆಯುವಾಗ ಉದ್ದಕ್ಕೂ ಹೊಗೆ ಬಂದ್ರೆ ರಿಂಗ್. ಈ ವಾರ ಬ್ರೀದರ್ ಪೈಪ್ ಒಂದ್ಸಲ ಬಿಚ್ಚಿ ಒಳಗೆ ಬೆರಳಾಡಿಸಿ, ಆಯಿಲ್ ಒದ್ದೆ ಎಷ್ಟಿದೆ ಅಂತ ಇಲ್ಲಿ ಬರೀರಿ.